ದಿನಕ್ಕೊಂದು ಸ್ನ್ಯಾಪ್‌ಶಾಟ್

ಮಣಿಪಾಲದಲ್ಲಿ ನಾನು ಪುಟವಿನ್ಯಾಸ ಮಾಡುತ್ತಿದ್ದ ಕಚೇರಿಗೆ ಮ್ಯಾಕ್ ಕಂಪ್ಯೂಟರ್‌ಗಳು ಬಂದ ದಿನ ಯಜಮಾನರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: "ಇನ್ನು ಮುಂದೆ ಕೆಲಸ ಇದರಲ್ಲೇ. ಆಗುವುದಿಲ್ಲ ಎನ್ನುವವರು ಈಗಲೇ ಹೇಳಿಬಿಡಿ." ಮಾತು ಎಲ್ಲರಿಗೂ ಆದರೂ ಕಣ್ಣು ಒಬ್ಬರ ಮೇಲಿತ್ತು. ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ನಾವೆಲ್ಲ ಅಕ್ಕ ಎಂದೇ ಕರೆಯುತ್ತಿದ್ದ ಅವರು ಹದಿನೆಂಟು ವರ್ಷಗಳಿಂದ ಅಲ್ಲಿ ಕನ್ನಡ ಟೈಪ್ ಮಾಡುತ್ತಿದ್ದರು. ಮೀನು ಹಿಡಿಯುವ ಬೋಟಿಗೆ ಹೋಗುತ್ತಿದ್ದ ಗಂಡ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮನೆಯಲ್ಲಿದ್ದರು. ಈ ಕೆಲಸ ಹೋದರೆ ಆ ಮನೆ ನಡೆಯುವುದಿಲ್ಲ ಎಂಬುದು ನಮಗೆಲ್ಲರಿಗೂ ಗೊತ್ತಿತ್ತು.

ಕೀಲಿಮಣೆ ನೋಡದೆ ಅವರು ಟೈಪ್ ಮಾಡುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಂದ ಲೇಖಕರೆಲ್ಲ ನನ್ನನ್ನು ದಾಟಿ ನೇರ ಅವರ ಮೇಜಿಗೆ ಹೋಗುತ್ತಿದ್ದರು. ಒಮ್ಮೆ ನಾನು ಮುಗಿಸಿದ ಪುಟದಲ್ಲಿ ಮೂರು ಒತ್ತಕ್ಷರದ ತಪ್ಪು ಹಿಡಿದು, ಎಲ್ಲರೆದುರು, ಅದೂ ಬಹಳ ನಯವಾಗಿ ತಿದ್ದಿಕೊಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆ.

ನಮ್ಮ ಹಳೆಯ ಕನ್ನಡ ತಂತ್ರಾಂಶ ವಿಂಡೋಸ್ ಬಿಟ್ಟು ಬೇರೆಲ್ಲೂ ಏಳುತ್ತಿರಲಿಲ್ಲ. ಹಾಗಾಗಿ ನಾನು ಅಕ್ಕನ ಮ್ಯಾಕ್‌ನ ಹೊಟ್ಟೆಯೊಳಗೆ ವರ್ಚುವಲ್ ಮೆಷಿನ್ ಒಂದನ್ನು, ಅಂದರೆ ಬರೀ ತಂತ್ರಾಂಶದಿಂದಲೇ ಆದ ಇನ್ನೊಂದು ಕಂಪ್ಯೂಟರನ್ನು, ಕೂರಿಸಿ, ಅದರಲ್ಲಿ ವಿಂಡೋಸ್ ಹಾಕಿದೆ. ಕಿಟಕಿ ತೆರೆದ ಹಾಗೆ ಮ್ಯಾಕ್‌ನ ಪರದೆಯಲ್ಲೇ ವಿಂಡೋಸ್ ತೆರೆದುಕೊಂಡಿತು. ಅಕ್ಕ ಹೆದರಿ ಕೇಳಿದರು:

"ಒಳಗಿನ ಈ ಕಂಪ್ಯೂಟರ್ ನಿಜಕ್ಕೂ ಇಲ್ಲವಾ ಹಾಗಾದರೆ? ನಾನು ಟೈಪ್ ಮಾಡಿದ್ದು ಎಲ್ಲಿ ಉಳಿಯುವುದು?"

"ಹೆದರಬೇಡಿ ಅಕ್ಕ. ದಿನಾ ಹೋಗುವ ಮೊದಲು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಎಂತ ಆದರೂ ಅಲ್ಲಿಗೆ ವಾಪಸ್ ಹೋಗಬಹುದು."

ಸ್ನ್ಯಾಪ್‌ಶಾಟ್ ಎಂದರೆ ಒಳಗಿನ ವಿಂಡೋಸ್ ಆ ಹೊತ್ತಿಗೆ ಹೇಗಿದೆಯೋ ಹಾಗೇ ಇಡಿಯಾಗಿ ಉಳಿಸಿಡುವುದು. ಮೆನುವಿನಲ್ಲಿ ಒಂದು ಕ್ಲಿಕ್ಕಿನ ಕೆಲಸ. ಆ ಕ್ಲಿಕ್ ಎಲ್ಲಿದೆಯೆಂದು ನಾನು ತೋರಿಸಲಿಲ್ಲ.

ಅಂದು ಸಂಜೆ ಅಕ್ಕ ಚೀಲದಿಂದ ಮೊಬೈಲ್ ತೆಗೆದರು. ಎರಡು ಹೆಜ್ಜೆ ಹಿಂದೆ ಸರಿದು, ಉಸಿರು ಬಿಗಿಹಿಡಿದು, ಪರದೆಯ ಫೋಟೋ ತೆಗೆದರು. ನನಗೆ ತೋರಿಸಿ, "ಸರಿ ಉಂಟಾ?" ಎಂದರು.

"ಫಸ್ಟ್ ಕ್ಲಾಸ್ ಅಕ್ಕ," ಎಂದೆ.

ಮರುದಿನ ಉಳಿದವರಿಗೂ ಈ ತಮಾಷೆ ಹೇಳಿದೆ. ಆಮೇಲೆ ಸಂಜೆ ಐದೂವರೆಗೆ ನಾಲ್ಕು ಜನ ಅಕ್ಕನ ಬೆನ್ನ ಹಿಂದೆ ಸೇರುವುದು ರೂಢಿಯಾಯಿತು. "ಅಕ್ಕ, ಮೂಲೆ ಬರಲಿಲ್ಲ, ಸ್ವಲ್ಪ ಹಿಂದೆ ಬನ್ನಿ," ಎಂದು ನಾನೇ ನಿರ್ದೇಶನ ಕೊಡುತ್ತಿದ್ದೆ. ಅವರು ಪಾಪ, ಮತ್ತೊಮ್ಮೆ ತೆಗೆಯುತ್ತಿದ್ದರು. ನಾನು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದೆ. ಸುಳ್ಳೇಕೆ ಹೇಳಲಿ, ದಿನದಲ್ಲಿ ನಾನು ಕಾಯುತ್ತಿದ್ದುದು ಆ ಒಂದು ಗಳಿಗೆಗೆ.

ಆಗ ಅವರ ಕೈಯಲ್ಲಿದ್ದುದು ಅಜೆಕಾರಿನ ನಿವೃತ್ತ ಮೇಷ್ಟರೊಬ್ಬರು ಬೇಸಾಯದ ತುಳು ಪದಗಳನ್ನು ಕೂಡಿಹಾಕಿದ್ದ ಹನ್ನೊಂದು ನೋಟ್‌ಬುಕ್. ಎರಡು ತಿಂಗಳಲ್ಲಿ ಹತ್ತನೆಯದು ಮುಗಿಯುತ್ತಾ ಬಂದಿತ್ತು. ಒಂದು ಬೆಳಿಗ್ಗೆ, ಅಪ್‌ಡೇಟ್ ಆದ ಮೇಲೆ, ಒಳಗಿನ ವಿಂಡೋಸ್ ಏಳಲೇ ಇಲ್ಲ. ಯಜಮಾನರು ನನ್ನನ್ನು ಕರೆದು ಪಕ್ಕದಲ್ಲೇ ನಿಂತರು. ಇದ್ದುದು ಒಂದೇ ಸ್ನ್ಯಾಪ್‌ಶಾಟ್, ಮೊದಲ ದಿನ ನಾನು ತೆಗೆದದ್ದು. ಅದಕ್ಕೆ ಮರಳಿದರೆ ಆಮೇಲಿನದ್ದೆಲ್ಲ ಅಳಿಸಿಹೋಗುತ್ತದೆ ಎಂದು ಪರದೆ ಎಚ್ಚರಿಸಿತು. ಒಂದು ದಿನ ಕೂತಿದ್ದರೆ ಫೈಲುಗಳನ್ನು ಹೊರಗೆಳೆಯಬಹುದಿತ್ತೇನೋ. ಆದರೆ ಯಜಮಾನರೆದುರು ಕೂಡಲೇ ಸರಿಮಾಡಿ ಶಹಬ್ಬಾಸ್ ಎನಿಸಿಕೊಳ್ಳುವ ಚಪಲ. ಒತ್ತಿಬಿಟ್ಟೆ. ವಿಂಡೋಸ್ ಎದ್ದಿತು. ಅದರಲ್ಲಿ ಮೇಷ್ಟರ ಒಂದು ಪದವೂ ಇರಲಿಲ್ಲ.

"ಎಂತದೋ ಸ್ನ್ಯಾಪ್‌ಶಾಟ್ ತೆಗೆಯಲಿಕ್ಕೆ ಉಂಟು ಅಂತ ಇವ ಹೇಳಿದ್ದ ಅಲ್ವಾ?" ಯಜಮಾನರು ಅಕ್ಕನನ್ನು ಕೇಳಿದರು. "ತೆಗೆದಿದ್ದೀರಾ?"

"ಒಂದು ದಿನ ಸಹ ತಪ್ಪಿಸಲಿಲ್ಲ ಸರ್." ಅಕ್ಕನ ಮುಖ ಅರಳಿತು. ಮೊಬೈಲ್ ತೆಗೆದುಕೊಟ್ಟರು.

ಯಜಮಾನರು ಒಂದೊಂದೇ ಫೋಟೋ ಸರಿಸುತ್ತಾ ಹೋದರು. ಪ್ರತಿಯೊಂದರಲ್ಲೂ ಆ ದಿನದ ಕೊನೆಯ ಪುಟ, ಅಷ್ಟೇ. "ನಿನಗೆ ಗೊತ್ತಿತ್ತಾ ಮಾರಾಯ?"

"ಇಲ್ಲ ಸರ್. ನಾನು ಸರಿಯಾಗಿ ಹೇಳಿಕೊಟ್ಟಿದ್ದೆ."

"ಇವರಿಗೆ ತೋರಿಸಿದ್ದೆ ಸರ್," ಎಂದರು ಅಕ್ಕ. "ಸರಿ ಉಂಟು ಅಂತ ಹೇಳಿದ್ದರು."

ಯಜಮಾನರ ಬೆರಳು ಒಂದು ಫೋಟೋದಲ್ಲಿ ನಿಂತಿತು. ಮ್ಯಾಕ್‌ನ ಗಾಜು ಕನ್ನಡಿಯಷ್ಟು ನುಣುಪು. ಪುಟದ ಪಕ್ಕದ ಕಪ್ಪು ಅಂಚಿನಲ್ಲಿ, ಅಕ್ಕನ ಹೆಗಲ ಹಿಂದೆ, ಬಾಯಿಗೆ ಕೈ ಹಿಡಿದು ನಗುತ್ತಿದ್ದ ನಾನಿದ್ದೆ. ಮುಂದಿನದರಲ್ಲೂ ನಾನೇ. ಅವರು ನನ್ನನ್ನೇ ದಿಟ್ಟಿಸಿದರು. ನನ್ನ ಕಥೆ ಮುಗಿಯಿತೆಂದುಕೊಂಡೆ. ಅವರು ಮೊಬೈಲನ್ನು ಅಕ್ಕನಿಗೆ ಮರಳಿಸಿ, "ನಾಳೆಯಿಂದ ನೀವು ಬರುವುದು ಬೇಡ," ಎಂದರು. ಟೈಪ್ ಮಾಡುವವರು ಉಡುಪಿಯಲ್ಲಿ ಬೇಕಾದಷ್ಟು ಸಿಗುತ್ತಾರೆ. ಆ ಒಳಗಿನ ವಿಂಡೋಸನ್ನು ಎಬ್ಬಿಸಬಲ್ಲವನು ಕಚೇರಿಯಲ್ಲಿ ನಾನೊಬ್ಬನೇ ಇದ್ದೆ.

ಅಕ್ಕ ಬುತ್ತಿಯ ಚೀಲ ಎತ್ತಿಕೊಂಡು ನನ್ನ ಮೇಜಿನ ಹತ್ತಿರ ನಿಂತರು.

"ನೀವು ನಗುವುದು ಫೋಟೋದಲ್ಲಿ ನನಗೆ ದಿನಾ ಕಾಣುತ್ತಿತ್ತು," ಎಂದರು. "ಮನೆಯಲ್ಲಿ ಇವರಿಗೂ ತೋರಿಸಿದ್ದೇನೆ. ನಾನು ಹೊಸತು ಕಲಿತೆ ಅಂತ ಖುಷಿಯಲ್ಲಿ ನಗುವುದು ಎಂದು ಹೇಳಿದ್ದೆ."