ಚಿಂದಿಯ ಗಾಯಕ್ಕೆ ರಫೂ

ಬೀದಿಯವರೆಲ್ಲ ಅವಳನ್ನು ರಫೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ಹಿರಿಯರಿಗೂ ಅವಳು ಅಕ್ಕನೇ. ಸಿಗರೇಟಿನ ಕಿಡಿ ಬಿದ್ದು ತೂತಾದ ಕೋಟು, ಮೊಳೆಗೆ ಸಿಕ್ಕಿ ಸೀಳಿದ ಶಾಲು, ಇಲಿ ಕಡಿದ ಸ್ವೆಟರು, ಎಲ್ಲವೂ ಅವಳ ಮನೆಯ ಮುಂದಿನ ಕೋಣೆಗೆ ಬರುತ್ತಿದ್ದವು. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಅಡ್ಡಕ್ಕೊಂದು ಉದ್ದಕ್ಕೊಂದು ಹೆಣೆದು ತೂತು ತುಂಬುವುದು ಅವಳ ಕೆಲಸ. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಗಿರಾಕಿಗೆ ತೋರಿಸುತ್ತಿದ್ದಳು. "ಎಲ್ಲಿತ್ತು ಹೇಳಿ ನೋಡೋಣ?" ಗಿರಾಕಿ ಕಣ್ಣು ಕಿರಿದು ಮಾಡಿ ಹುಡುಕಿ, ಕೊನೆಗೆ ತಪ್ಪು ಜಾಗಕ್ಕೆ ಬೆರಳಿಟ್ಟರೆ ಅವಳ ಮುಖ ಅರಳುತ್ತಿತ್ತು. ಅವಳಿಗೆ ಜಂಬ ಅಂತ ಇದ್ದರೆ ಅದೊಂದೇ.

ಕಸುಬು ಕಲಿಸಿದವಳು ಸೋದರತ್ತೆ. ಆ ಮುದುಕಿ ಎರಡೇ ಪಾಠ ಹೇಳಿದ್ದಳು. ಒಂದು, ಎಳೆಗಳ ನಡುವೆ ಗಾಳಿಯೂ ನುಸುಳಬಾರದು. ಇನ್ನೊಂದು, ಹೇಗೆ ಹರಿಯಿತು ಎಂದು ಗಿರಾಕಿಯನ್ನು ಕೇಳಬಾರದು. "ಅವನು ಬಟ್ಟೆ ತಂದಿರ್ತಾನೆ ಕಣೇ, ಕಥೆ ತಂದಿರಲ್ಲ. ಜಗಳದಲ್ಲಿ ಹರಿದಿದೆಯೋ, ಕುಡಿದು ಬಿದ್ದು ಹರಿದಿದೆಯೋ, ನಿನಗ್ಯಾಕೆ? ಮುಚ್ಚು, ಮಡಿಚು, ಕೊಡು."

ಕಸುಬಿಗೆಂದು ಹೇಳಿದ ಮಾತನ್ನು ರಫೂ ಅಕ್ಕ ಇಡೀ ಬಾಳಿಗೇ ಅನ್ವಯಿಸಿಕೊಂಡುಬಿಟ್ಟಳು. ಗಂಡ ಎನಿಸಿಕೊಂಡವನು ಬೇರೆ ಊರಿನಲ್ಲಿ ಕೆಲಸವಿದೆ ಎಂದು ಒಂದು ಬೆಳಗ್ಗೆ ಹೊರಟವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಯಾಕೆ ಎಂದು ಅವಳೂ ಕೇಳಲಿಲ್ಲ. ಯಾರು ಏನು ಮಾಡಿದರೂ ಹೊಟ್ಟೆಗೆ ಹಾಕಿಕೊಳ್ಳುವುದು ಅವಳ ಸ್ವಭಾವವಾಗಿತ್ತು. ಬೀದಿಯವರು ಅದನ್ನು ದೊಡ್ಡಗುಣ ಎಂದರು. ಜೊತೆಯಲ್ಲಿದ್ದ ತಂಗಿ ಮಾತ್ರ ಪುಕ್ಕಲುತನ ಎನ್ನುತ್ತಿದ್ದಳು. ತಂಗಿ ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಕೂರುವವಳು. ದಿನವಿಡೀ ಊರವರ ಬೈಗುಳ ಕೇಳಿ ಕೇಳಿ, ಬಾಯಿ ಇದ್ದವರಿಗಷ್ಟೇ ನೀರು ಬರುವುದು ಎಂಬ ತೀರ್ಮಾನಕ್ಕೆ ಬಂದಿದ್ದಳು.

ಮನೆಯ ಮೂರನೆಯ ಜೀವ ಚಿಂದಿ. ಹಿಂದೊಮ್ಮೆ ಯಾವುದೋ ಬೀದಿನಾಯಿಯ ಮರಿ ಬಾಗಿಲು ತೆರೆದಿದ್ದಾಗ ಒಳನುಗ್ಗಿ, ಚಿಂದಿ ಬಟ್ಟೆಯ ಬುಟ್ಟಿಯಲ್ಲಿ ಮಲಗಿ ನಿದ್ದೆ ಹೋಗಿತ್ತು. ಕಂದು ಬಿಳಿ ತೇಪೆಗಳ ಅದರ ಮೈ ಬುಟ್ಟಿಯೊಳಗಿನ ಬಟ್ಟೆಗಳಲ್ಲಿ ಬೆರೆತುಹೋಗಿ, ಅಕ್ಕ ಒಂದು ತುಂಡೆಂದು ಎಳೆದರೆ ಅದು ಕುಂಯ್ ಎಂದಿತ್ತು. ಈಗ ಅದಕ್ಕೂ ವಯಸ್ಸಾಗಿ ಮೂತಿ ನರೆತಿತ್ತು. ಅಕ್ಕನಿಗೆ ಮಕ್ಕಳಿಲ್ಲ, ಹಾಗಂತ ಅದನ್ನು ಮಗು ಎಂದು ಮುದ್ದಾಡುವವಳೂ ಅಲ್ಲ. ಆದರೆ ಅವಳು ಹೊಲಿಗೆಗೆ ಕೂತರೆ ಚಿಂದಿ ಅವಳ ಪಾದದ ಮೇಲೇ ಮಲಗಬೇಕು, ಅದು ಮಲಗದಿದ್ದರೆ ಅವಳಿಗೆ ಸೂಜಿ ಓಡದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪಕ್ಕದ ಮನೆಯಲ್ಲಿ ಬೀಗದವನು ಇದ್ದ. ಊರಿನ ಯಾವ ಬೀಗವಾದರೂ ಅವನ ಕೈಯಲ್ಲಿ ಬೆಣ್ಣೆ. ದೀಪದ ಬುಡದಲ್ಲಿ ಕತ್ತಲು ಎಂಬಂತೆ ಅವನ ಸ್ವಂತ ಗೇಟಿನ ಚಿಲಕ ಮಾತ್ರ ಮುರಿದು, ಒಂದು ತುಂಡು ತಂತಿಯ ಕರುಣೆಯಲ್ಲಿ ನಿಂತಿತ್ತು. ಗೇಟಿನ ಒಳಗೆ ಪೈಲ್ವಾನ ಎಂಬ ದೊಡ್ಡ ನಾಯಿ. ಮೈಯೆಲ್ಲ ಗಂಟು, ಕತ್ತು ಎಲ್ಲಿ ಮುಗಿದು ತಲೆ ಎಲ್ಲಿ ಶುರುವಾಗುತ್ತದೆ ಎಂದು ಗೊತ್ತಾಗದು. ಬೀಗದವನು ಕೆಟ್ಟವನಲ್ಲ. ಅಕ್ಕತಂಗಿಯರ ಮನೆಯ ಬೀಗ ಕೈಕೊಟ್ಟಾಗಲೆಲ್ಲ ಕರೆಯುವ ಮೊದಲೇ ಬಂದು ಸರಿಮಾಡಿ, "ಇದಕ್ಕೆಲ್ಲ ಏನು ಅಕ್ಕಾ" ಎಂದು ನಕ್ಕು ಹೋಗುತ್ತಿದ್ದ. ಆ ಉಪಕಾರಗಳ ಭಾರವೂ ಅಕ್ಕನ ಬಾಯಿಯ ಮೇಲೆ ಕೂತಿತ್ತು.

ಒಂದು ಬೆಳಗ್ಗೆ ತಂತಿ ಸಡಿಲಾಯಿತು. ಮೆಟ್ಟಿಲ ಮೇಲೆ ಬಿಸಿಲು ಕಾಯುತ್ತಿದ್ದ ಚಿಂದಿಯ ತೊಡೆಗೆ ಪೈಲ್ವಾನ ಬಾಯಿ ಹಾಕಿ, ಒದ್ದೆ ಬಟ್ಟೆ ಝಾಡಿಸಿದಂತೆ ಝಾಡಿಸಿತು. ಅಕ್ಕ ಕಲ್ಲಿನಂತೆ ನಿಂತಳು. ಕೆಲಸಕ್ಕೆ ಹೊರಟಿದ್ದ ತಂಗಿ ಬಕೆಟ್ಟಿನ ನೀರನ್ನು ಎತ್ತಿ ಪೈಲ್ವಾನನ ಮುಖಕ್ಕೆ ರಾಚಿದಳು. ಅದು ಹಿಡಿತ ಬಿಟ್ಟು, ತನ್ನದೇನೂ ತಪ್ಪಿಲ್ಲವೆಂಬಂತೆ ಬಾಲ ಆಡಿಸುತ್ತ ಗೇಟಿನೊಳಗೆ ಹೋಯಿತು. ಬೀಗದವನು ಮನೆಯಲ್ಲಿರಲಿಲ್ಲ.

"ಮೊದಲು ಫೋಟೋ ತೆಗಿ. ಆಮೇಲೆ ಡಾಕ್ಟರ್ ಹತ್ರ ಹೋಗೋಣ. ಅವರ ಹತ್ರ ಚೀಟಿ ಬರೆಸ್ಕೊಂಡು ಇವನ ಬಾಗಿಲಿಗೆ ಹೋಗೋದು. ಕೇಳಿಲ್ಲ ಅಂದ್ರೆ ದೂರು ಕೊಡೋದು," ಎಂದಳು ತಂಗಿ ಒಂದೇ ಉಸಿರಿನಲ್ಲಿ.

"ಬೇಡ ಬಿಡೇ. ಪಕ್ಕದ ಮನೆಯವರು. ಬೆಳಗಾದ್ರೆ ಮುಖ ಮುಖ ನೋಡ್ಬೇಕು."

"ಅವನ ಮುಖ ನೋಡೋಕೋಸ್ಕರ ನಾಯಿ ಸಾಯಬೇಕಾ?"

"ಸಾಯೋದೇನೂ ಇಲ್ಲ. ಮೂಲೆ ಹರಿದಿದೆ ಅಷ್ಟೇ."

ಹಾಗೆಂದಳು! ಕೋಟಿನ ಮೊಣಕೈಯನ್ನು ನೋಡಿ ಹೇಳುವಂತೆ, ಮೂಲೆ ಹರಿದಿದೆ ಎಂದಳು. ತೊಡೆಯ ಚರ್ಮ ಹರಿದ ಲಕೋಟೆಯ ಬಾಯಿಯಂತೆ ತೆರೆದುಕೊಂಡಿತ್ತು. ಅಕ್ಕ ಅದನ್ನು ಬಿಸಿನೀರಿನಲ್ಲಿ ಒರೆಸಿ, ಅತಿ ಸಣ್ಣ ಸೂಜಿಯನ್ನು ದೀಪಕ್ಕೆ ಹಿಡಿದು, ರೇಷ್ಮೆ ನೂಲು ಪೋಣಿಸಿದಳು. ತಂಗಿ ಬೈಯುತ್ತಲೇ ನಾಯಿಯ ತಲೆ ಹಿಡಿದುಕೊಂಡಳು. ಚಿಂದಿ ನಡುಗಿತು, ಆದರೆ ಕಚ್ಚಲಿಲ್ಲ. ಅದೇ ಕೈ ಅಲ್ಲವೇ. ಮುಗಿದಾಗ ಕೂದಲಿನ ನಡುವೆ ಗಾಯ ಎಲ್ಲಿತ್ತೆಂದು ಹುಡುಕಬೇಕಾಗಿತ್ತು. ಇಷ್ಟೆಲ್ಲ ರಂಪದ ನಡುವೆಯೂ ಅಕ್ಕನಿಗೆ ಒಳಗೊಳಗೇ ಚೂರು ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ.

ಮಾರನೆಯ ದಿನ ಬೀಗದವನು ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿದ. "ಚೆನ್ನಾಗಿದೀರಾ ಅಕ್ಕಾ?"

"ಚೆನ್ನಾಗಿದೀವಿ."

"ಚಿಂದಿ ಕಾಣ್ತಿಲ್ಲ?"

"ಒಳಗೆ ಮಲಗಿದೆ."

ಅವನು ಒಂದು ಗಳಿಗೆ ನಿಂತ. ಇನ್ನೇನೋ ಕೇಳುವವನಂತೆ ಕಂಡ. ಆಮೇಲೆ ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡನೋ ಏನೋ, ತಲೆಯಾಡಿಸಿ ಹೋದ. ಗೇಟಿಗೆ ಹೊಸ ತಂತಿ ಬಂತು, ಚಿಲಕ ಬರಲಿಲ್ಲ.

ಚಿಂದಿ ಮೊದಲು ಊಟ ಬಿಟ್ಟಿತು. ಆಮೇಲೆ ಅಕ್ಕನ ಪಾದದ ಬಳಿಗೆ ಬರುವುದನ್ನೂ ಬಿಟ್ಟು ಮೂಲೆ ಹಿಡಿಯಿತು. ಹೊಲಿಗೆ ಹಾಗೇ ಇತ್ತು, ಒಂದು ಎಳೆ ಅಲುಗಿರಲಿಲ್ಲ. ಅದರ ಕೆಳಗಿನ ತೊಡೆ ಮಾತ್ರ ಕೈ ಇಟ್ಟರೆ ಸುಡುವಂತೆ ಬಿಸಿಯಾಗಿ, ದಿಂಬಿನಂತೆ ಊದಿತ್ತು. ಕೋಣೆಯಲ್ಲಿ ಏನೋ ಕೊಳೆತ ವಾಸನೆ. ತಂಗಿ ಕೆಲಸಕ್ಕೆ ಹೋಗಿದ್ದಳು. ಅಕ್ಕ ನಾಯಿಯನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಪ್ರಾಣಿಗಳ ಆಸ್ಪತ್ರೆಗೆ ನಡೆದಳು. ದಾರಿಯುದ್ದಕ್ಕೂ ಚಿಂದಿ ಕಣ್ಣು ತೆರೆಯಲಿಲ್ಲ. ಅಕ್ಕನಿಗೆ ಭಯವಾಯಿತು. ಗಂಡ ಹೋದಾಗಲೂ ಇಷ್ಟು ಭಯವಾಗಿರಲಿಲ್ಲ.

ಡಾಕ್ಟರು ತೋಳು ಮಡಚಿದ ಅಂಗಿಯ, ಅವಸರದ ಹೆಂಗಸು. ನಾಯಿಯನ್ನು ಉಕ್ಕಿನ ಮೇಜಿನ ಮೇಲೆ ಮಲಗಿಸಿಕೊಂಡು ಕೇಳಿದಳು, "ಹೇಗಾಯ್ತು?"

ಆ ಪ್ರಶ್ನೆಯನ್ನು ಜೀವಮಾನದಲ್ಲಿ ಯಾರಿಗೂ ಕೇಳದವಳಿಗೆ ಉತ್ತರಿಸುವುದೂ ಬರಲಿಲ್ಲ. "ಬೇಲಿ ತಂತಿ ತಗುಲಿತು," ಎಂದಳು.

ಡಾಕ್ಟರು ತೊಡೆಯ ಒಳಬದಿಯ ಕೂದಲನ್ನು ಸರಿಸಿ ತೋರಿಸಿದಳು. ಅಲ್ಲೆರಡು ಸಣ್ಣ ತೂತುಗಳು. ಅವನ್ನು ಅಕ್ಕ ನೋಡಿಯೇ ಇರಲಿಲ್ಲ. "ತಂತಿಗೆ ಹಲ್ಲಿರುತ್ತಾ? ನೀವು ತಂತಿ ಅಂದ್ರೆ ನಾನು ತಂತಿಗೆ ಔಷಧಿ ಕೊಡ್ತೀನಿ, ಇದು ರಾತ್ರಿಯೊಳಗೆ ಹೋಗುತ್ತೆ. ಸರಿಯಾಗಿ ಹೇಳಿ."

"ನಾಯಿ," ಎಂದಳು ಅಕ್ಕ. "ಪಕ್ಕದ ಮನೇದು."

"ಈ ಹೊಲಿಗೆ ಯಾವ ಡಾಕ್ಟರು ಹಾಕಿದ್ದು?"

"ನಾನೇ."

ಡಾಕ್ಟರು ಬೆಳಕನ್ನು ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. "ತುಂಬಾ ಚೆನ್ನಾಗಿದೆ. ನನಗೂ ಹೀಗೆ ಬರಲ್ಲ. ತೊಂದ್ರೆ ಆಗಿದ್ದೇ ಅದರಿಂದ." ಕತ್ತರಿಯನ್ನು ನೂಲಿನ ಕೆಳಗೆ ತೂರಿಸುತ್ತ ಹೇಳಿದಳು, "ನಾಯಿ ಕಚ್ಚಿ ಝಾಡಿಸಿದ್ರೆ ಮೇಲೆ ಕಾಣೋದು ಇಷ್ಟು. ಒಳಗೆ ಚರ್ಮ ಮಾಂಸ ಬಿಟ್ಟು ಚೀಲ ಆಗಿರುತ್ತೆ, ಬಾಯಿ ಕೊಳೆಯೆಲ್ಲ ಅದರಲ್ಲೇ. ಧಾರೆ ನೀರಲ್ಲಿ ತೊಳೆದು, ತೆರೆದೇ ಇಟ್ಟು, ಆವತ್ತೇ ಕರ್ಕೊಂಡು ಬರಬೇಕಿತ್ತು. ಆ ಕೊಳೆ ಹೊರಗೆ ಬರೋಕೆ ನೀವು ದಾರಿನೇ ಇಡಲಿಲ್ಲ."

ಎಳೆ ತುಂಡಾಯಿತು. ಒಳಗಿದ್ದದ್ದು ಹೊರಗೆ ಬಂತು. ಅದರ ವರ್ಣನೆ ಬೇಡ. ಅಕ್ಕ ಗೋಡೆಗೆ ಒರಗಿ ಅತ್ತಳು, ಸದ್ದಿಲ್ಲದೆ, ಮೂಗು ಕೆಂಪಾಗುವಂತೆ. ತನ್ನ ಕೈಯೇ ಇದನ್ನು ಮಾಡಿತಲ್ಲ ಎಂಬ ಸಂಕಟ ಅವಳಿಗೆ ತಡೆಯಲಾಗಲಿಲ್ಲ.

"ಅಳೋದು ಆಮೇಲೆ," ಎಂದಳು ಡಾಕ್ಟರು. "ಇದು ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ. ಅದಕ್ಕಿಂತ ಮೊದಲು ಇನ್ನೊಂದು. ಕಚ್ಚಿದ ನಾಯಿಗೆ ಹುಚ್ಚುನಾಯಿ ರೋಗದ ಲಸಿಕೆ ಆಗಿದೆಯಾ? ನೀವು ಬರಿಗೈಯಲ್ಲಿ ಗಾಯ ಮುಟ್ಟಿದೀರಿ. ತಲೆ ಹಿಡ್ಕೊಂಡಿದ್ದು ಯಾರು?"

"ತಂಗಿ."

"ಹಾಗಾದ್ರೆ ಇಬ್ಬರಿಗೂ ಸೂಜಿ ಬೇಕಾಗಬಹುದು. ಇಲ್ಲಿಂದ ಸೀದಾ ಅವರ ಮನೆಗೆ ಹೋಗಿ ಕೇಳಿ."

ಚಿಂದಿಯನ್ನು ಅಲ್ಲೇ ಬಿಟ್ಟು ಅಕ್ಕ ಹಿಂದಿರುಗಿದಳು. ಬೀಗದವನು ಜಗಲಿಯ ಮೇಲೆ ಕೂತು ಕೀಲಿಕೈಯೊಂದನ್ನು ಅರದಿಂದ ಉಜ್ಜುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಿಮ್ಮ ನಾಯಿಗೆ ಲಸಿಕೆ ಹಾಕಿಸಿದೀರಾ?"

"ಯಾಕಕ್ಕಾ, ಕೂತ್ಕೊಳ್ಳಿ..."

"ಹಾಕಿಸಿದೀರಾ, ಇಲ್ವಾ?"

ಅವನು ಅರವನ್ನು ಕೆಳಗಿಟ್ಟ. "ಮರಿ ಇದ್ದಾಗ ಹಾಕಿಸಿದ್ದೆ. ಆಮೇಲೆ... ಹಾಕಿಸ್ಬೇಕು ಹಾಕಿಸ್ಬೇಕು ಅಂತಲೇ ಇದೆ."

"ಚಿಂದಿಯನ್ನ ಕಚ್ಚಿದ್ದು ಗೊತ್ತಿತ್ತಾ?"

ಅವನು ನೆಲ ನೋಡಿದ. "ಬಾಯಿಗೆ ರಕ್ತ ಮೆತ್ತಿಕೊಂಡಿತ್ತು. ಅನುಮಾನ ಬಂತು. ಅದಕ್ಕೇ ಮಾರನೇ ದಿನ ವಿಚಾರಿಸಿದೆ. ನೀವು ಚೆನ್ನಾಗಿದೀವಿ ಅಂದ್ರಿ. ನೀವೇ ಏನೂ ಅನ್ನದೆ ಇದ್ಮೇಲೆ, ಏನೂ ಆಗಿಲ್ಲ ಅಂದ್ಕೊಂಡೆ."

ತುಟಿ ಪಿಟಕ್ಕೆನ್ನದ ಹೆಂಗಸು ಆ ಹೊತ್ತು ಬಾಯಿ ತೆರೆದಳು. ಏನು ಹೇಳಿದಳೆಂಬುದು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ರೀತಿ ಇದೆ. ಎದುರುಮನೆಯ ಕಿಟಕಿ ತೆರೆದದ್ದು ನಿಜ, ಸೈಕಲ್ಲಿನಲ್ಲಿ ಹೋಗುತ್ತಿದ್ದವನು ಇಳಿದು ನಿಂತದ್ದೂ ನಿಜ. ಚಿಲಕ, ತಂತಿ, ಲಸಿಕೆ, ರಕ್ತ ಕಂಡೂ ಸುಮ್ಮನಿದ್ದದ್ದು, ಯಾವುದನ್ನೂ ಅವಳು ಬಿಡಲಿಲ್ಲ. ಕೊನೆಗೆ ತನ್ನನ್ನೂ ಬಿಡಲಿಲ್ಲ: "ನಾನೂ ಮುಚ್ಚಿಟ್ಟೆ, ನೀವೂ ಮುಚ್ಚಿಟ್ರಿ, ಮಧ್ಯೆ ಅದು ಕೊಳೀತು!" ಪೈಲ್ವಾನ ಕೂಡ ಹೆದರಿ ಮಂಚದಡಿ ಸೇರಿತು.

ಅಕ್ಕತಂಗಿಯರು ಅಂದೇ ಆಸ್ಪತ್ರೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡರು. "ಕೆಟ್ಟ ಮೇಲೆ ಬುದ್ಧಿ ಬಂತು," ಎಂದು ತಂಗಿ ದಾರಿಯುದ್ದಕ್ಕೂ ಗೊಣಗಿದಳು, ಆದರೆ ಅಕ್ಕನ ಕೈ ಬಿಡಲಿಲ್ಲ. ಪೈಲ್ವಾನನನ್ನು ಸರಪಳಿಯಲ್ಲಿ ಕಟ್ಟಿ ರೋಗದ ಲಕ್ಷಣ ಕಾಣುತ್ತದೋ ಎಂದು ಹತ್ತು ದಿನ ಕಣ್ಣಿಟ್ಟರು. ಅದಕ್ಕೇನೂ ಆಗಲಿಲ್ಲ. ಗೇಟಿಗೆ ಒಳ್ಳೆಯ ಚಿಲಕ ಬಂತು.

ಚಿಂದಿ ಉಳಿಯುವುದೋ ಇಲ್ಲವೋ ಎಂಬುದು ಮಾತ್ರ ತೀರ್ಮಾನವಾಗಿರಲಿಲ್ಲ. ಜ್ವರ ಇಳಿದ ಮೇಲೆ ಡಾಕ್ಟರು ಮನೆಗೆ ಕಳಿಸಿದಳು, ಒಂದು ಕಟ್ಟಪ್ಪಣೆಯೊಂದಿಗೆ: ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು, ಅದಕ್ಕೆ ಮೊದಲು ಮೇಲ್ಬಾಯಿ ಕೂಡಬಾರದು. ಕೂಡಲು ಬಂದರೆ ಮತ್ತೆ ಬಿಡಿಸಿ ತೊಳೆಯಬೇಕು, ದಿನಾ ಎರಡು ಹೊತ್ತು. ತಲೆ ಹಿಡಿಯಲು ಇನ್ನೊಬ್ಬರು ಬೇಕು. ಅಕ್ಕ ತಂಗಿಯನ್ನು ಕರೆಯಲಿಲ್ಲ. ಕಾಂಪೌಂಡಿನ ಬಳಿ ಹೋಗಿ ಬೀಗದವನನ್ನು ಕರೆದಳು. ಅವನು ಬಂದ. ಅಂದಿನಿಂದ ದಿನಾ ಬರುತ್ತಿದ್ದ.

ಅವನು ಬೆತ್ತದ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಚಿಂದಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಅದು ಅವನ ಅಂಗೈಗೆ ಮೂತಿ ಒತ್ತಿ ನರಳುತ್ತಿತ್ತು. ಅಕ್ಕ ಅಂಟಿಕೊಂಡ ಅಂಚನ್ನು ಬೆರಳಿನಿಂದ ಬಿಡಿಸುವಾಗ ಅವನು ಪ್ರತಿಸಲವೂ ಮುಖವನ್ನು ಕಿಟಕಿಯತ್ತ ತಿರುಗಿಸಿಬಿಡುತ್ತಿದ್ದ.

ಒಂದು ದಿನ ನಾಯಿ ಜೋರಾಗಿ ಕೂಗಿತು. "ಸಾಕಕ್ಕಾ," ಎಂದ ಅವನು, ಕಿಟಕಿಯನ್ನೇ ನೋಡುತ್ತ. "ಒಂದೆರಡು ಹೊಲಿಗೆ ಹಾಕಿ ಮುಚ್ಚಿಬಿಡಬಾರದಾ? ನೋಡೋಕಾಗಲ್ಲ."

"ನೀವು ಇನ್ನೂ ನೋಡೇ ಇಲ್ಲವಲ್ಲ," ಎಂದಳು ರಫೂ ಅಕ್ಕ. "ಈ ಕಡೆ ತಿರುಗಿ."

ಅವನು ತಿರುಗಿದ. ಅವಳು ನೀರಿನ ತಂಬಿಗೆಯನ್ನು ಅವನ ಕೈಗೆ ಕೊಟ್ಟು, ಎರಡು ಬೆರಳುಗಳಿಂದ ಗಾಯವನ್ನು ಅಗಲಿಸಿ ಹಿಡಿದಳು. ಅವನು ಕಣ್ಣು ತೆಗೆಯದೆ, ನಿಧಾನವಾಗಿ ನೀರು ಸುರಿದ.