ಬಾತ್‌ರೂಮಿನ ದಾರಿ

ಮೊದಲ ಲಕ್ಷಣ ಕಂಡದ್ದು ನಾವು ಮುಂಬಯಿಯಲ್ಲೇ ಕಾಂದಿವಲಿಯ ಮನೆ ಬಿಟ್ಟು ದಹಿಸರ್‌ಗೆ ಬಂದ ಮೇಲೆ. ಏಳು ವರ್ಷದ ಮಗಳು ಗೌರಿ ಹಾಲ್‌ನ ನಡುವೆ ನಿಂತುಬಿಡುತ್ತಿದ್ದಳು. ಬಾತ್‌ರೂಮ್ ಯಾವ ಕಡೆ ಎಂದು ಗೊತ್ತಾಗುತ್ತಿರಲಿಲ್ಲ. ಇರುವುದೇ ಎರಡು ಕೋಣೆ. ತಿಂಗಳಾದರೂ ಕಲಿಯಲಿಲ್ಲ.

ನಾನು ಬೈದೆ.

ಹೆಂಡತಿ ಸುಮಾ ಧಾರವಾಡದ ನನ್ನ ಸೋದರಮಾವನ ಮಗಳು. "ಹಳೇ ಮನ್ಯಾಗ ಛಂದ ಇದ್ಲಲ್ರೀ. ಒಮ್ಮೆ ಡಾಕ್ಟರಿಗೆ ತೋರಸೂಣ್ರೀ," ಎಂದಳು.

"ಮೈಗಳ್ಳತನ ಅಷ್ಟ. ತಾನ ಹುಡುಕ್ಲಿ ಬಿಡು," ಎಂದೆ. ಎಲ್ಲ ಬಲ್ಲವನ ಠೀವಿ ನನ್ನದು.

ನಾನು ಗೋರೆಗಾಂವ್‌ನ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್. ಹುಟ್ಟಿನಿಂದಲೇ ಒಂದು ಎಂಜೈಮ್ ಇಲ್ಲದ ಇಲಿಗಳ ನೆನಪು, ನಡವಳಿಕೆ ಅಳೆಯುವುದು ನನ್ನ ಕೆಲಸ. ತೊಟ್ಟಿಯ ಮಸುಕು ನೀರಿನಡಿ ಕಾಣದಂತೆ ಒಂದು ಮಣೆ ಇಟ್ಟು ಇಲಿಯನ್ನು ಬಿಡುತ್ತೇವೆ. ಅದು ಈಜಿ ಮಣೆ ಹತ್ತಬೇಕು. ದಿನಾ ಒಂದೇ ಜಾಗವಾದರೆ ರೋಗದ ಇಲಿಯೂ ಹೇಗೋ ಕಲಿತುಬಿಡುತ್ತದೆ. ಅದಕ್ಕೇ ಮಣೆಯ ಜಾಗ ಬದಲಿಸುತ್ತೇವೆ. ಆಗ ಬಣ್ಣ ಬಯಲಾಗುತ್ತದೆ. ಆರೋಗ್ಯದ ಇಲಿ ಹೊಸ ಜಾಗ ಕಲಿಯುತ್ತದೆ, ರೋಗದ್ದು ಹಳೆಯ ಮೂಲೆಯಲ್ಲೇ ಸುತ್ತುತ್ತದೆ. ಇದನ್ನು ವರ್ಷಗಟ್ಟಲೆ ಬರೆದುಕೊಂಡವನು ನಾನು. ಮನೆ ಬದಲಿಸಿದಾಗ ಅದೇ ಪರೀಕ್ಷೆ ನನ್ನ ಕಣ್ಣೆದುರೇ ನಡೆಯಿತು. ನನಗೆ ಕಾಣಲಿಲ್ಲ.

ಮನೆ ಬದಲಿಸಿದ ಏಳು ತಿಂಗಳ ಮೇಲೆ ಗೌರಿಗೆ ಫಿಟ್ಸ್ ಬಂತು.

ಎಂಆರ್‌ಐ, ಬ್ಲಡ್ ಟೆಸ್ಟ್, ಜೆನೆಟಿಕ್ ಟೆಸ್ಟ್. ರಕ್ತಸಂಬಂಧದ ಮದುವೆಯೇ ಎಂದು ಡಾಕ್ಟರ್ ಕೇಳಿದಾಗ ಇಬ್ಬರೂ ಹೌದೆಂದು ತಲೆಯಾಡಿಸಿದೆವು. ರೋಗ ನಮ್ಮ ಇಲಿಗಳದ್ದಲ್ಲ, ಅದರ ದಾಯಾದಿ: ಇನ್ನೊಂದು ಎಂಜೈಮ್‌ನ ಕೊರತೆ, ನೆನಪನ್ನು ಮೆಲ್ಲಗೆ ತಿನ್ನುವಂಥದ್ದು. ಮೊದಲೇ ಬಂದಿದ್ದರೆ ಎಂದು ಕೇಳಿದೆ.

"ಥೋಡಾ ಬಚ್ ಜಾತಾ," ಎಂದರು ಡಾಕ್ಟರ್. ಸ್ವಲ್ಪ ಉಳಿಯುತ್ತಿತ್ತು.

ಆ ಸ್ವಲ್ಪ ಎಷ್ಟು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ಲ್ಯಾಬ್‌ನಲ್ಲಿ ಒಂದು ನಿಯಮವಿದೆ. ಇಲಿಗೆ ಒಂದು ನಿಮಿಷ. ಅಷ್ಟರಲ್ಲಿ ಮಣೆ ಸಿಗದಿದ್ದರೆ ನಾವೇ ಕೈಯಿಂದ ದಾರಿ ತೋರಿಸಿ ಹತ್ತಿಸುತ್ತೇವೆ, ಸುಧಾರಿಸಿಕೊಳ್ಳಲು ಬಿಡುತ್ತೇವೆ. ಒಂದು ಇಲಿಯನ್ನೂ ನಾನು ಬೈದವನಲ್ಲ. ಹೆತ್ತ ಮಗಳನ್ನು ಏಳು ತಿಂಗಳು ಹಾಗೇ ನಿಲ್ಲಿಸಿದೆ.

ಈಗ ಔಷಧಿ, ಪಥ್ಯ ನಡೆದಿದೆ. ಫಿಟ್ಸ್ ಮತ್ತೆ ಬಂದಿಲ್ಲ. ಅಷ್ಟಕ್ಕೆ ದೇವರಿಗೆ ಕೈಮುಗಿಯುತ್ತೇನೆ.

ಇವತ್ತು ಬೆಳಿಗ್ಗೆ ಗೌರಿ ಮತ್ತೆ ಹಾಲ್‌ನಲ್ಲಿ ನಿಂತಳು. ಹೋಗಿ ಕೈ ಹಿಡಿದೆ. ಅವಳ ಬೆರಳುಗಳು ಬಿಗಿಯಾದವು.

"ಅಪ್ಪಾ, ಡಾಂಟ್‌ನಾ ಮತ್. ಬೈಬ್ಯಾಡ."

ದಾರಿ ಮರೆತಿದ್ದಾಳೆ. ನಾನು ಬೈದದ್ದು ಮರೆತಿಲ್ಲ.

"ಬೈಯಂಗಿಲ್ಲವ್ವಾ, ಬಾ," ಎಂದೆ. ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಇಬ್ಬರೂ ನಿಧಾನ ಬಾತ್‌ರೂಮಿನ ಕಡೆ ನಡೆದೆವು.