ಬಿಡಬೇಕಾದ ಮರಗಳು

ಕೆಲಸಕ್ಕೆ ಸೇರಿದ ಮೊದಲ ದಿನ ಮಿಶಿಗನ್ನಿನ ಕಾಡಿನೊಳಗೆ ಕಾಲಿಟ್ಟಾಗ ನಾನು ಬೆಚ್ಚಿದ್ದು ಕರಡಿಗೋ ಹಾವಿಗೋ ಅಲ್ಲ, ನೆಲದ ಮೇಲೆ ಕೊಳೆಯುತ್ತಿದ್ದ ಸೌದೆಗೆ. ತೋಳುಗಾತ್ರದ ಒಣ ಕೊಂಬೆಗಳು ಬಿದ್ದಲ್ಲೇ ಪಾಚಿ ಹಿಡಿದಿದ್ದವು. ನಮ್ಮ ಹಳಿಯಾಳದ ಕಡೆ ಇಂಥ ಕೊಂಬೆ ಬಿದ್ದ ಸಪ್ಪಳ ಅಡಗುವ ಮೊದಲೇ ಅದು ಯಾರದೋ ತಲೆಹೊರೆಯೊಳಗೆ ಸೇರಿರುತ್ತದೆ. ಇಲ್ಲಿ ದನವಿಲ್ಲ, ಸೊಪ್ಪು ಕೊಯ್ಯುವವರಿಲ್ಲ, ಫಾರೆಸ್ಟ್ ಗಾರ್ಡ್‌ನನ್ನು ಕಂಡು ಓಡುವವರೂ ಇಲ್ಲ. ಸರಕಾರಿ ಕಾಡೆಂದರೆ ದಿನನಿತ್ಯದ ಜಗಳ ಎಂದು ತಿಳಿದು ಬೆಳೆದವಳಿಗೆ ಆ ನಿಶ್ಶಬ್ದವೇ ಹೆದರಿಕೆ ಹುಟ್ಟಿಸಿತು.

ನನ್ನ ಅಬ್ಬಾ ಸರಕಾರಿ ನಾಟಾ ಡಿಪೋದಲ್ಲಿ ಹಮಾಲರಾಗಿದ್ದರು. ಕಡಿದು ತಂದ ತೇಗದ ದಿಮ್ಮಿಗಳನ್ನು ಲಾರಿಯಿಂದ ಇಳಿಸುವುದು, ಹರಾಜಾದ ಮೇಲೆ ಮತ್ತೆ ಏರಿಸುವುದು ಅವರ ಕೆಲಸ. ಅವರ ಮಗಳು ಅರಣ್ಯಶಾಸ್ತ್ರ ಓದಿದಳು, ನಮ್ಮ ವಂಶದಲ್ಲಿ ಮೊದಲ ಪದವಿ ಪಡೆದಳು, ಸ್ಕಾಲರ್‌ಶಿಪ್ಪಿನ ಮೇಲೆ ಅಮೆರಿಕಕ್ಕೆ ಬಂದು ಇನ್ನೊಂದು ಪದವಿಯನ್ನೂ ಪಡೆದಳು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಜಂಬ ಅನಿಸಿದವರಿಗೆ ಅನಿಸಲಿ.

ಓದು ಮುಗಿದ ಮೇಲೆ ಸಿಕ್ಕ ಕೆಲಸ ಡೆಟ್ರಾಯಿಟಿನ ಉತ್ತರಕ್ಕಿರುವ ಒಂದು ಕಚೇರಿಯಲ್ಲಿ. ಕಾಡೂ ಸರಕಾರದ್ದು, ಮರ ಮಾರುವ ವ್ಯವಹಾರವೂ ಸರಕಾರದ್ದು. ಮರ ಬೆಳೆಸಿ ಮಾರಬೇಕು. ಬಂದ ಹಣದಲ್ಲಿ ಹೊಸ ಸಸಿ ನೆಡಬೇಕು, ಜನ ಓಡಾಡುವ ಕಾಲುದಾರಿಗಳನ್ನು ನೋಡಿಕೊಳ್ಳಬೇಕು, ಕೆರೆಗಳ ದಂಡೆ ಕಾಯಬೇಕು. ವ್ಯಾಪಾರವೂ ಆಗಬೇಕು, ಜನರಿಗೆ ಒಳ್ಳೆಯದೂ ಆಗಬೇಕು. ಊರಿಗೆ ಫೋನ್ ಮಾಡಿ ಇದನ್ನು ವಿವರಿಸಿದಾಗ ಅಬ್ಬಾ ನಕ್ಕರು. "ನಮ್ಮ ಡಿಪೋದಾಗೂ ಬೋರ್ಡಿನ ಮ್ಯಾಲೆ ಇದನ್ನ ಬರ್ದಿದ್ರವ್ವಾ," ಎಂದರು. ಇಲ್ಲಿ ಹಾಗಲ್ಲ, ಇಲ್ಲಿ ಬರೆದಂತೆ ನಡೆಯುತ್ತಾರೆ ಎಂದು ವಾದಿಸಿದೆ. ಆಗ ಅದನ್ನು ನಂಬಿದ್ದೆ.

ಇರಲು ಸಿಕ್ಕಿದ್ದು ವೆಸ್ಟ್ ಬ್ಲೂಮ್‌ಫೀಲ್ಡಿನ ಅಂಚಿನ ಒಂದು ಅಪಾರ್ಟ್‌ಮೆಂಟ್. ಗೋಡೆಗಳು ಎಷ್ಟು ತೆಳುವೆಂದರೆ ಪಕ್ಕದ ಮನೆಯವನ ಸೀನು ನನ್ನ ಅಡುಗೆಮನೆಗೆ ಕೇಳುತ್ತಿತ್ತು, ಆದರೆ ಒಂದು ವರ್ಷವಾದರೂ ಅವನ ಮುಖ ನೋಡಿರಲಿಲ್ಲ. ಮಾತಿಗೆ ಜನ ಸಿಕ್ಕಿದ್ದು ದೇಸಿ ಅಂಗಡಿಯಲ್ಲಿ. ಜೋಳದ ಹಿಟ್ಟು ಹುಡುಕುತ್ತಿದ್ದೆ. ಪಕ್ಕದಲ್ಲಿದ್ದ ಹೆಂಗಸು, "ಅದಿಲ್ಲಿ ಸಿಗಲ್ಲಮ್ಮ, ಶಿಕಾಗೋದ ಡೆವನ್ ಅವೆನ್ಯೂಗೇ ಹೋಗ್ಬೇಕು," ಎಂದರು. ಮೈಸೂರಿನ ವಸಂತಾ ಆಂಟಿ. ಅವರ ಗಂಡ ಶ್ರೀಧರ ಅಂಕಲ್ ಕಾರು ಕಂಪನಿಯೊಂದರಲ್ಲಿ ಇಂಜಿನಿಯರ್. ಮುಂದಿನ ತಿಂಗಳು ಐದು ತಾಸು ಡ್ರೈವ್ ಮಾಡಿ ಶಿಕಾಗೋಗೆ ಹೋದವರು ನನಗೆಂದು ಜೋಳದ ಹಿಟ್ಟಿನ ಚೀಲ ಹೊತ್ತು ತಂದರು. ಅಂದಿನಿಂದ ಶನಿವಾರದ ಊಟ ಅವರ ಮನೆಯಲ್ಲೇ. ಅಂಕಲ್‌ಗೆ ನನ್ನನ್ನು ಕಾಡಿಸುವ ಚಟ. "ಜರೀನಾ, ನೀನು ಉಪ್ಪು ಕೇಳಿದ್ರೂ ಜಗಳಕ್ಕೆ ಬಂದ ಹಾಗಿರತ್ತಮ್ಮ," ಎನ್ನುತ್ತಿದ್ದರು. "ನೀವು ಜಗಳಾಡಿದ್ರೂ ಉಪ್ಪು ಕೇಳ್ದಂಗ ಇರ್ತದ್ರಿ ಅಂಕಲ್," ಎಂದರೆ ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು.

ಅವರ ಮನೆಯ ಹಿತ್ತಲಿನ ಬೇಲಿ ದಾಟಿದರೆ ನಮ್ಮ ಕಚೇರಿಗೆ ಸೇರಿದ ಓಕ್ ಕಾಡು.

ಆ ವರ್ಷ ಅದರಲ್ಲೊಂದು ಭಾಗವನ್ನು ಕಡಿಯಲು ಕೊಡುವುದೆಂದಾಯಿತು. ಗುರುತು ಹಾಕುವ ಕೆಲಸ ನನ್ನದು. ನಮ್ಮಲ್ಲಿ ಕಡಿಯಬೇಕಾದ ಮರದ ತೊಗಟೆ ಕೆತ್ತಿ, ಸುತ್ತಿಗೆಯಿಂದ ಮುದ್ರೆಯೊತ್ತಿ ನಂಬರು ಹಾಕುತ್ತಾರೆ. ಇಲ್ಲಿ ಅದು ತಿರುಗುಮುರುಗು. ಹೆಚ್ಚು ಮರ ಕಡಿದು ಕೆಲವನ್ನು ಮಾತ್ರ ಉಳಿಸುವುದಾದರೆ, ಉಳಿಸುವ ಮರಕ್ಕೇ ಬಣ್ಣ ಹೊಡೆಯುತ್ತಾರೆ. ಅದಕ್ಕೆ 'ಲೀವ್ ಟ್ರೀ' ಎನ್ನುತ್ತಾರೆ, ಬಿಡಬೇಕಾದ ಮರ. ಎದೆಮಟ್ಟಕ್ಕೊಂದು ಪಟ್ಟಿ, ಬುಡದಲ್ಲಿ ನೆಲಕ್ಕೆ ತಾಗಿದಂತೆ ಇನ್ನೊಂದು. ಬಣ್ಣವಿಲ್ಲದ್ದೆಲ್ಲ ಕೊಂಡವನ ಪಾಲು. ಉಳಿದ ದೊಡ್ಡ ಮರಗಳು ಬೀಜ ಉದುರಿಸಬೇಕು, ಕೆಳಗೆ ಹೊಸ ಕಾಡು ಏಳಬೇಕು. ತಲೆ ಅಗಲವಾಗಿದ್ದ, ಗಾಯವಿಲ್ಲದ, ಕಾಯಿ ತುಂಬ ಹಿಡಿಯುವ ಓಕ್‌ಗಳನ್ನು ಹುಡುಕಿ ಹುಡುಕಿ ನೀಲಿ ಬಣ್ಣ ಹೊಡೆದೆ. ಓದಿದ್ದಕ್ಕೆಲ್ಲ ಅರ್ಥ ಬಂತು ಅನಿಸಿದ ಕೆಲಸ ಅದು.

ನನ್ನ ಮೇಲಧಿಕಾರಿ ಡೇಲ್. ಕಾಡಿನಂಚಿನಲ್ಲಿ ಒಂದು ಬೋರ್ಡು ಹಾಕೋಣ, ನೀಲಿ ಬಣ್ಣವೆಂದರೆ ಉಳಿಯುವ ಮರವೆಂದು ಬರೆಯೋಣ ಎಂದು ಅವನಿಗೆ ಹೇಳಿದ್ದೆ. ಬೋರ್ಡು ಹಾಕಿದರೆ ಜನ ಪ್ರಶ್ನೆ ಕೇಳುತ್ತಾರೆ, ಪ್ರಶ್ನೆ ಕೇಳಿದರೆ ಮಾರಾಟ ತಡವಾಗುತ್ತದೆ ಎಂದ. ಜನರ ಕಾಡನ್ನು ಜನರಿಗೆ ಹೇಳದೆ ಮಾರುವುದು ಅವನಿಗೆ ಜಾಣತನ.

ಕಡಿತ ಸೋಮವಾರ ಶುರುವಾಗಬೇಕಿತ್ತು. ಅದರ ಹಿಂದಿನ ಶನಿವಾರ ಊಟಕ್ಕೆ ಕೂತಾಗ ಅಂಕಲ್ ಬಹಳ ಖುಷಿಯಲ್ಲಿದ್ದರು.

"ನಿಮ್ಮ ಡಿಪಾರ್ಟ್‌ಮೆಂಟಿಗೆ ಚೆನ್ನಾಗಿ ಕೈಕೊಟ್ವಿ ನೋಡು," ಎಂದರು.

"ಏನ್ರಿ ಅಂಕಲ್?"

"ಹಿಂದುಗಡೆ ದೊಡ್ಡ ದೊಡ್ಡ ಮರಕ್ಕೆಲ್ಲ ನೀಲಿ ಬಣ್ಣ ಹೊಡೆದಿದ್ರಲ್ಲ. ಮೈಸೂರಲ್ಲಿ ನಮ್ಮ ರೋಡ್ ಅಗಲ ಮಾಡಿದಾಗ ನೋಡಿದೀನಿ, ಮರಕ್ಕೆ ಬಣ್ಣ ಬಿತ್ತು ಅಂದ್ರೆ ಅದರ ಕಥೆ ಮುಗೀತು. ನಮ್ಮ ಲೇಔಟ್‌ನವರಿಗೆಲ್ಲ ಹೇಳ್ದೆ. ಯಾರಿಗೂ ಗೊತ್ತೇ ಇರ್ಲಿಲ್ಲ, ಎಲ್ಲಾ ನನ್ನ ಮಾತು ಕೇಳಿದ್ರು. ನೀನು ಡಿಪಾರ್ಟ್‌ಮೆಂಟಿನವಳು, ತೊಂದರೆ ಬೇಡ ಅಂತ ನಿನಗೆ ಮಾತ್ರ ಹೇಳ್ಲಿಲ್ಲ. ಗುರುವಾರ ಸಾಯಂಕಾಲ ಎಲ್ಲರೂ ಹೋಗಿ ಬಣ್ಣದ ಮೇಲೆ ತೊಗಟೆ ಬಣ್ಣದ ಪೇಂಟ್ ಬಳಿದು ಬಂದ್ವಿ. ಈಗ ಹೇಗೆ ಕಡೀತಾರೆ ನೋಡೋಣ."

"ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅಕ್ಕಪಕ್ಕದವರು ಇವರನ್ನ ಹೆಸರು ಹಿಡಿದು ಕರೆದ್ರು," ಎಂದು ಆಂಟಿ ಸಾರು ಬಡಿಸುತ್ತ ಹೇಳಿದರು.

ತುತ್ತು ತಟ್ಟೆಗೇ ಬಿಟ್ಟು ಅವರತ್ತ ತಿರುಗಿದೆ. "ಅಂಕಲ್, ಅವು ಉಳಸೂ ಮರ. ಬಣ್ಣ ಇಲ್ಲದ್ದನ್ನ ಕಡೀತಾರ. ನೀವು ಅಳಿಸಿದ್ದನ್ನೆಲ್ಲ ಸೋಮವಾರ ಕಡೀತಾರ."

ಅಂಕಲ್ ನಗುತ್ತಲೇ ನನ್ನ ಮುಖ ನೋಡಿದರು. ತಮಾಷೆ ಅಲ್ಲವೆಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಭಾನುವಾರ ಬೆಳಿಗ್ಗೆ ಇಬ್ಬರೂ ಕಾಡಿಗೆ ಹೋದೆವು. ಉದುರಿದ ಎಲೆ ಕಣಕಾಲು ಮುಚ್ಚುತ್ತಿತ್ತು. ಅಂಕಲ್ ಹಿತ್ತಲಿನ ಎಲೆ ಬಾಚುವ ಕುಂಟೆ ತಂದಿದ್ದರು. ಅವರು ಎಲೆ ಎಳೆದ ಹಾಗೆಲ್ಲ ಬುಡದ ನೀಲಿ ಪಟ್ಟಿ ಕಾಣುತ್ತಿತ್ತು. ಗುರುವಾರ ಅದು ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. "ಇದೆ, ಇದೆ, ಇದರಲ್ಲೂ ಇದೆ," ಎನ್ನುತ್ತ ಮರದಿಂದ ಮರಕ್ಕೆ ಓಡಾಡಿದರು. ಪಾಪ ಅನಿಸಿತು. ಮೇಲಿನ ಪಟ್ಟಿ ಅಳಿಸಿದರೂ ಗೊತ್ತಾಗಲೆಂದೇ ಬುಡದ ಪಟ್ಟಿ ಹೊಡೆಯುವುದು. ಕೆಲಸ ಇನ್ನೂ ಕೆಟ್ಟಿಲ್ಲವೆಂದುಕೊಂಡು ಅಲ್ಲಿಂದಲೇ ಡೇಲ್‌ಗೆ ಫೋನ್ ಮಾಡಿದೆ, ಯಾರೋ ಬಣ್ಣ ಮುಚ್ಚಿದ್ದಾರೆಂದಷ್ಟೇ ಹೇಳಿ, ಮೇಲಿನ ಪಟ್ಟಿ ಮತ್ತೆ ಹೊಡೆಯಲು ಒಪ್ಪಿಗೆ ಕೇಳಿದೆ.

ಬೇಡವೆಂದ. ಕೊಂಡವನು ಶುಕ್ರವಾರ ಕಾಡು ಸುತ್ತಿ ನೋಡಿ ಹೋಗಿದ್ದಾನೆ, ಅವನು ನೋಡಿದ ಮೇಲೆ ನಾವು ಬಣ್ಣ ಹೊಡೆದರೆ ಕೋರ್ಟಿಗೆ ಎಳೆಯುತ್ತಾನೆ ಎಂದ. ಬುಡದ ಗುರುತಿದೆಯಲ್ಲ ಎಂದೆ. ಅದು ಕಳ್ಳತನ ಹಿಡಿಯಲು ಇರುವುದು, ಇಲ್ಲಿ ಕಳ್ಳ ಯಾರು ಎಂದು ಕೇಳಿದ. ಆಮೇಲೆ ದನಿ ಮೆತ್ತಗೆ ಮಾಡಿ, ಈ ವರ್ಷ ಮಾರಾಟ ಕಡಿಮೆ ಇತ್ತು, ಹಣ ಬರುವುದು ಕಡಿದ ಮರದ ಅಳತೆಯ ಮೇಲೆ, ದೊಡ್ಡ ಮರಗಳೂ ಸೇರಿದರೆ ಕಚೇರಿಗೆ ಒಳ್ಳೆಯದೇ ಆಯಿತಲ್ಲ ಎಂದ. ಹಳಿಯಾಳದ ಡಿಪೋದಲ್ಲಿ ಕಳ್ಳನಾಟಾ ಸಾಗಿಸುವವನು ಕನಿಷ್ಠ ಪಕ್ಷ ಕತ್ತಲಾಗುವವರೆಗೆ ಕಾಯುತ್ತಾನೆ. ಇವನಿಗೆ ಆ ನಾಚಿಕೆಯೂ ಬೇಕಿರಲಿಲ್ಲ. ಬೆಳಕಿನಲ್ಲೇ, ಕಾಯಿದೆಯಂತೆಯೇ ಮುಗಿಸಿದ. ಅವನ ಮೇಲಿನ ಅಧಿಕಾರಿಗೆ ಫೋನ್ ಮಾಡಿದೆ. ಡೇಲ್ ಹೇಳಿದಂತೆ ಮಾಡು ಎಂದಳು.

ಸೋಮವಾರ ಯಂತ್ರಗಳು ಬಂದವು. ನಾನು ಹುಡುಕಿ ಗುರುತಿಸಿದ ಓಕ್‌ಗಳು ಒಂದೊಂದಾಗಿ ಬಿದ್ದವು. ಕೆಸರು ತಗ್ಗಿನೊಳಗಿದ್ದ ಮೂರೋ ನಾಲ್ಕೋ ಮಾತ್ರ ಉಳಿದವು. ಅವನ್ನು ಉಳಿಸಿದ್ದು ನನ್ನ ಬಣ್ಣವಲ್ಲ, ಯಂತ್ರ ಇಳಿಯಲಾಗದ ಕೆಸರು.

ವಾರ ಕಳೆದ ಮೇಲೆ ಆ ಬಡಾವಣೆಯವರು ಟೌನ್‌ಶಿಪ್ ಆಡಳಿತದ ಹಾಲ್‌ನಲ್ಲಿ ಸಭೆ ಕರೆದರು. ಹಿತ್ತಲಿನಾಚೆ ಬಯಲು ಕಂಡು ಅವರಿಗೆ ಸಿಟ್ಟು ಬಂದಿತ್ತು. ಮರಗಳನ್ನು ಆರಿಸಿದವರು ಯಾರೆಂದು ಒಬ್ಬರು ಕೇಳಿದರು. ಡೇಲ್ ನನ್ನತ್ತ ಕೈ ತೋರಿಸಿ, ಗುರುತು ಹಾಕಿದವಳು ಇವಳು ಎಂದ. ಸುಳ್ಳಲ್ಲ. ನಾನೆದ್ದು ಬಣ್ಣದ ಅರ್ಥವನ್ನೂ ಬುಡದ ಗುರುತನ್ನೂ ವಿವರಿಸಿದೆ, ಯಾರೋ ಮೇಲಿನ ಬಣ್ಣ ಮುಚ್ಚಿದ್ದಾರೆ ಎಂದೆ. ಹಾಗಾದರೆ ತಪ್ಪು ನಮ್ಮದಾ ಎಂದು ಹಿಂದಿನಿಂದ ಒಬ್ಬ ಕೂಗಿದ. ನನ್ನ ಉಚ್ಚಾರಣೆ ಅರ್ಥವಾಗುತ್ತಿಲ್ಲವೆಂದು ಇನ್ನೊಬ್ಬಳು ಪಕ್ಕದವಳಿಗೆ ಗಟ್ಟಿಯಾಗಿಯೇ ಹೇಳಿದಳು.

ಅಂಕಲ್ ಎರಡನೆಯ ಸಾಲಿನಲ್ಲಿದ್ದರು. ಅವರನ್ನೇ ನೋಡಿದೆ. 'ಬಣ್ಣ ಮುಚ್ಚಲು ಹೇಳಿದ್ದು ನಾನು' ಎಂದು ಅವರು ಎದ್ದು ನಿಂತಿದ್ದರೆ ಸಾಕಿತ್ತು. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಪಕ್ಕದ ಬಿಳಿಯ ಮುದುಕ ಅವರ ಭುಜ ತಟ್ಟಿ ಏನೋ ಹೇಳಿದ, ಅಂಕಲ್ ತಲೆಯಾಡಿಸಿದರು. ಆ ಇಡೀ ಕಾಡಿಗಿಂತ ಆ ಭುಜ ತಟ್ಟುವಿಕೆ ಅವರಿಗೆ ದೊಡ್ಡದಾಗಿತ್ತು.

ಸಭೆ ಮುಗಿದಾಗ ಆಂಟಿ ಕಾರಿನ ಬಳಿ ಕಾಯುತ್ತಿದ್ದರು, ಕೈಯಲ್ಲಿ ಸ್ಟೀಲ್ ಡಬ್ಬಿ. "ಬೇಜಾರು ಮಾಡ್ಕೋಬೇಡಮ್ಮ. ಇವ್ರು ಇಲ್ಲೇ ಇರ್ಬೇಕಲ್ವಾ, ಅಕ್ಕಪಕ್ಕದವರ ಜೊತೆ," ಎಂದರು.

"ನಾ ಎಲ್ಲಿ ಇರಬೇಕ್ರಿ ಆಂಟಿ?"

ಅವರು ಡಬ್ಬಿಯನ್ನು ನನ್ನ ಕೈಗೆ ತುರುಕಿ ಹೋದರು.

ಅದನ್ನು ಎಸೆಯಬೇಕೆಂದುಕೊಂಡೇ ಮನೆಗೆ ಬಂದೆ. ಮುಚ್ಚಳ ತೆಗೆದರೆ ಬಿಸಿಬೇಳೆಬಾತ್, ತುಪ್ಪದ ವಾಸನೆ. ನಿಂತಲ್ಲೇ ತಿಂದೆ. ಡೇಲ್‌ನ ಕಚೇರಿ ಬಿಟ್ಟರೆ ನನ್ನ ಓದಿಗೆ ಈ ದೇಶದಲ್ಲಿ ಜಾಗವಿಲ್ಲ, ಆ ಮನೆ ಬಿಟ್ಟರೆ ನನ್ನ ಮಾತಿಗೆ ಜಾಗವಿಲ್ಲ. ಊರಿಗೆ ಹೋಗೋಣವೆಂದರೆ, ಇಲ್ಲಿ ಬರೆದಂತೆ ನಡೆಯುತ್ತಾರೆಂದು ನಾನೇ ಫೋನಿನಲ್ಲಿ ಅಬ್ಬಾನ ಜೊತೆ ವಾದಿಸಿ ಆ ಬಾಗಿಲನ್ನೂ ಅರ್ಧ ಹಾಕಿಕೊಂಡಿದ್ದೇನೆ. ಡಬ್ಬಿ ಖಾಲಿಯಾಯಿತು. ತೊಳೆದಿಟ್ಟೆ, ಶನಿವಾರ ಹಿಂದಿರುಗಿಸಬೇಕಲ್ಲ, ಖಾಲಿ ಡಬ್ಬಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಏನು ತುಂಬಿಸಿ ಕೊಡಬೇಕೆಂದು ಯೋಚಿಸುತ್ತ ಕೂತಿದ್ದೇನೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.